ಹತ್ತು ಎಂ.ಎಲ್. ಹಾಲು, ಇಪ್ಪತ್ತು ಎಕರೆ ಜಾಗ

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಕೆಳಗಿಳಿಸ್ತೀರಾ? ಹಾಂ, ಸಾಕು. ಇಷ್ಟು ವರ್ಷ ಬಗ್ಗಿ ಬಗ್ಗಿ ಮಕ್ಕಳನ್ನೇ ನೋಡಿದವನು ನಾನು, ಬೆನ್ನು ಆ ಎತ್ತರಕ್ಕೇ ನಿಂತುಬಿಟ್ಟಿದೆ.

ಮಲೆನಾಡಿಗೊಂದು ದೊಡ್ಡ ಮಕ್ಕಳ ಆಸ್ಪತ್ರೆ ಬೇಕು ಅಂತ ನಾವು ಕೆಲವರು ಮಾತಾಡಿಕೊಳ್ತಿರೋದು ನಿಮಗೆ ಗೊತ್ತೇ ಇದೆ. ಬೇಕು ಅನ್ನೋದರಲ್ಲಿ ತಕರಾರಿಲ್ಲ. ಜಗಳ ಇರೋದು ಎಲ್ಲಿ ಅನ್ನೋದರಲ್ಲಿ. ಹೋದ ವಾರ ಸ್ನೇಹಿತರೊಬ್ಬರು ಫೋನ್ ಮಾಡಿದರು: "ಡಾಕ್ಟ್ರೇ, ಶಿವಮೊಗ್ಗದಾಚೆ ಇಪ್ಪತ್ತು ಎಕರೆ ಸಿಗೋ ಹಾಗಿದೆ. ಗಾಳಿ, ಬೆಳಕು, ಪಾರ್ಕಿಂಗು, ಏನು ಬೇಕು ಹೇಳಿ!" ನಾನು ಕೇಳಿದೆ, "ಅಲ್ಲಿಗೆ ಹೆರಿಗೆ ವಾರ್ಡು ಎಷ್ಟು ದೂರ ಮಾರಾಯ್ರೆ?" ಆ ಕಡೆ ಸದ್ದೇ ಇಲ್ಲ. ಇವರು ಮುಂದಿನ ಸಾಲಲ್ಲೇ ಕೂತಿದ್ದಾರೆ, ಹೆಸರು ಹೇಳೋದಿಲ್ಲ.

ಒಂದು ಕಥೆ ಹೇಳ್ತೀನಿ. ಕೇಳಿದವರು ಇನ್ನೊಮ್ಮೆ ಕೇಳಿ. ಆಷಾಢದ ಮಳೆ. ಹೊಸನಗರ ಕಡೆಯ ಹುಡುಗಿ, ಚೊಚ್ಚಲ ಹೆರಿಗೆ, ಎಂಟಕ್ಕೆ ಬಿದ್ದು ನಾಲ್ಕು ದಿನ ಆಗಿತ್ತಷ್ಟೆ. ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯ್ತು. ಮಗು ಒಂದೂಕಾಲು ಕೆ.ಜಿ. ಅಷ್ಟು ಸಣ್ಣ ಕೂಸನ್ನು ಇಟ್ಟುಕೊಳ್ಳೋ ವ್ಯವಸ್ಥೆ ಅಲ್ಲಿರಲಿಲ್ಲ, ನಾನಿದ್ದಲ್ಲಿಗೆ ಕಳಿಸಿದರು. ತಾಯಿ ಅಲ್ಲಿ, ಮಗು ಇಲ್ಲಿ, ನಡುವೆ ರೈಲ್ವೆ ಗೇಟು. ಎರಡು ಗಂಟೆಗೊಮ್ಮೆ ಹತ್ತು ಎಂ.ಎಲ್. ಹಾಲು ಬೇಕು. ಹತ್ತು ಎಂ.ಎಲ್. ಅಂದರೆ ಎರಡು ಚಮಚ. ತರೋನು ಅಪ್ಪ. ಅಡಿಕೆ ಮರ ಹತ್ತಿ ಕೊಳೆರೋಗದ ಔಷಧಿ ಹೊಡೆಯೋ ಕೊನೆಗೌಡ ಅವನು, ಕೆಲಸ ಬಿಟ್ಟು ಹಾಗೇ ಓಡಿ ಬಂದಿದ್ದ, ಶರ್ಟಿನ ತುಂಬಾ ಮೈಲುತುತ್ತಿನ ನೀಲಿ ಕಲೆ. ನಮ್ಮ ಸಿಸ್ಟರ್ ಪ್ರತಿಸಲ ಅವನನ್ನು ಬಾಗಿಲಲ್ಲೇ ತಡೆದು ಮೊಣಕೈತನಕ ಸೋಪು ಹಾಕಿಸೋರು. ಮರದಿಂದ ಮರಕ್ಕೆ ಜೀಕಿಕೊಂಡು ದಾಟೋ ಆಳು, ಆ ಪುಟ್ಟ ಸ್ಟೀಲ್ ಡಬ್ಬಿ ಕೊಡುವಾಗ ಕೈ ನಡುಗ್ತಿತ್ತು.

ಮೂರನೇ ರಾತ್ರಿ ಗೇಟು ಹಾಕಿತ್ತು. ಗೂಡ್ಸ್ ರೈಲು. ಇವನಿಗೆ ಅನುಮಾನ, ಹಾಲು ಚೆಲ್ಲಿತೇನೋ ಅಂತ. ರೇನ್‌ಕೋಟ್ ಒಳಗಿಂದ ಡಬ್ಬಿ ತೆಗೆದು ಮುಚ್ಚಳ ತೆರೆದಿದ್ದಾನೆ. ಮಳೆ ಬಿತ್ತು ಅದರೊಳಗೆ. ಬಂದವನು ಅಳ್ತಾ ನಿಂತ. "ಸಾರ್, ಹಾಲಿಗೆ ನೀರು ಬಿತ್ತು." ಸಿಸ್ಟರ್ ಚೆಲ್ಲಿ ಅಂದರು. ಇವನು ಚೆಲ್ಲಲಿಲ್ಲ, ಡಬ್ಬಿ ಹಿಡಕೊಂಡೇ ಮತ್ತೆ ಗಾಡಿ ಹತ್ತಿದ.

ಮಗು ಉಳೀತು. ಈಗ ಡಿಪ್ಲೊಮಾ ಓದ್ತಿದೆ. ಆದರೆ ತಾಯಿ ಅದರ ಮುಖ ನೋಡಿದ್ದು ಏಳನೇ ದಿನ. ಆ ಎರಡೂ ಆಸ್ಪತ್ರೆ ಕಟ್ಟಿದವರು ಕೆಟ್ಟವರೇನಲ್ಲ. ನಕ್ಷೆ ಬರೆಯುವಾಗ ಅವರಿಗೆ ಆ ಡಬ್ಬಿ ಕಂಡಿರಲಿಲ್ಲ.

ಈ ಜಗಳ ನಮ್ಮೊಬ್ಬರದ್ದೇ ಅಲ್ಲ. ಐರ್ಲೆಂಡ್ ನೋಡಿ. 2022ರ ಜನಗಣತಿಯಲ್ಲಿ ಅವರು ಸುಮಾರು 51 ಲಕ್ಷ. ನಮ್ಮ ಜಿಲ್ಲೆ 2011ರಲ್ಲೇ ಹದಿನೇಳೂವರೆ ಲಕ್ಷ. ಮೂರು ಶಿವಮೊಗ್ಗ ಸೇರಿಸಿದರೆ ಒಂದು ದೇಶ! ಅವರ ರಾಜಧಾನಿ ಡಬ್ಲಿನ್ನಿನಲ್ಲಿ ಟೆಂಪಲ್ ಸ್ಟ್ರೀಟ್, ಕ್ರಮ್ಲಿನ್, ಟಾಲಾ ಅಂತ ಮೂರು ಕಡೆ ಮಕ್ಕಳ ಚಿಕಿತ್ಸೆ ಹಂಚಿಹೋಗಿತ್ತು. ಒಂದೇ ರಾಷ್ಟ್ರೀಯ ಮಕ್ಕಳ ಆಸ್ಪತ್ರೆ ಮಾಡೋಣ ಅಂತ ಹೊರಟು 2006ರಲ್ಲಿ ನಗರದೊಳಗಿನ ಮೇಟರ್ ಆಸ್ಪತ್ರೆಯ ಜಾಗ ಆರಿಸಿದರು. ಆರು ವರ್ಷ ನಕ್ಷೆ, ಸಭೆ, ವರದಿ. 2012ರ ಫೆಬ್ರವರಿಯಲ್ಲಿ ಯೋಜನಾ ಮಂಡಳಿ ಆಗಲ್ಲ ಅಂದುಬಿಟ್ಟಿತು: ಕಟ್ಟಡ ತೀರಾ ಎತ್ತರ, ಹಳೇ ಊರಿನ ಚಹರೆ ಕೆಡುತ್ತೆ. ಅದೇ ನವೆಂಬರಿನಲ್ಲಿ ಸರ್ಕಾರ ಸೇಂಟ್ ಜೇಮ್ಸ್ ಆಸ್ಪತ್ರೆ ಆವರಣ ಆರಿಸಿತು. ಅನುಮತಿ ಸಿಕ್ಕಿದ್ದು 2016ರಲ್ಲಿ. 2017ರಲ್ಲಿ 98 ಕೋಟಿ ಯೂರೋ ಅಂದಿದ್ದು ಮರುವರ್ಷ 143 ಕೋಟಿ ಆಯ್ತು, 2024ರ ಹೊತ್ತಿಗೆ 224 ಕೋಟಿ. ನಮ್ಮ ಕಂಟ್ರಾಕ್ಟರುಗಳನ್ನೇ ಬೈಯೋದು ಬಿಡಿ.

ಅಲ್ಲೂ ಇಪ್ಪತ್ತೆಕರೆಯವರು ಇದ್ದರು. ಊರ ಅಂಚಿಗೆ, ರಿಂಗ್ ರೋಡ್ ಹತ್ತಿರ, ಬ್ಲಾಂಚರ್ಡ್ಸ್‌ಟೌನಿನಲ್ಲಿ ಕಟ್ಟಿ ಅಂತ ಹಟ ಹಿಡಿದರು. ಅವರ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಅಪ್ಪ ಅಮ್ಮ ದೇಶದ ಮೂಲೆಯಿಂದ ಕಾರಲ್ಲಿ ಬರ್ತಾರೆ, ಊರೊಳಗಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ತಾರೆ, ನಾಳೆ ಬೆಳೆಸೋಣ ಅಂದರೆ ಜಾಗ ಬೇಡವೇ? ಸರ್ಕಾರದ ಕಡೆಯವರ ಉತ್ತರ ನನ್ನದೇ ಹಳೇ ಹಾಡು: ದೊಡ್ಡವರ ಆಸ್ಪತ್ರೆಯ ತಜ್ಞರು, ಯಂತ್ರಗಳು ಗೋಡೆಯ ಆಚೆಗೇ ಇರಬೇಕು, ಹೆರಿಗೆ ಆಸ್ಪತ್ರೆಯೂ ಅದೇ ಆವರಣಕ್ಕೆ ಬರಬೇಕು. ಮೂರೂ ಒಟ್ಟಿಗೆ. ತಮಾಷೆ ಏನು ಗೊತ್ತಾ? ಆ ಮೂರನೆಯದು ಇನ್ನೂ ಬಂದಿಲ್ಲ. ಮಕ್ಕಳ ಕಟ್ಟಡ ಎದ್ದಿದೆ, ತಾಯಂದಿರ ಕಟ್ಟಡ ಕಾಗದದಲ್ಲಿದೆ. ಡಬ್ಬಿ ಅಲ್ಲೂ ಓಡಾಡಬೇಕು.

ಹಾಗಂತ ಅವರಿಂದ ಕಲಿಯೋದಿದೆ. ಒಳರೋಗಿಗಳಿಗೆ 380 ಕೋಣೆ, ಪ್ರತಿ ಮಗುವಿಗೂ ಬೇರೆ ಕೋಣೆ, ಪಕ್ಕದಲ್ಲೇ ಅಮ್ಮನೋ ಅಪ್ಪನೋ ಮಲಗೋಕೆ ಹಾಸಿಗೆ. ನಮ್ಮಲ್ಲಿ ಅಜ್ಜಿ, ಚಿಕ್ಕಮ್ಮ, ಸೋದರಮಾವ ಎಲ್ಲ ಬರ್ತಾರೆ, ಚಾಪೆ ಸಮೇತ. ಅವರಿಗೆ ಜಾಗ ಬರೆಯದ ನಕ್ಷೆ ನಕ್ಷೆಯೇ ಅಲ್ಲ.

ಡಬ್ಲಿನ್ ತನಕ ಯಾಕೆ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ನೋಡಿ. 1935ರದ್ದು. ಬಾಣಂತಿಗೂ ಕೂಸಿಗೂ ಒಂದೇ ಸೂರು, ಪಕ್ಕದಲ್ಲೇ ದೊಡ್ಡವರ ವಿಕ್ಟೋರಿಯಾ ಆಸ್ಪತ್ರೆ. ತೊಂಬತ್ತು ವರ್ಷದ ಹಿಂದೆ ನಮ್ಮ ಮೈಸೂರು ಸಂಸ್ಥಾನದವರಿಗೆ ಹೊಳೆದದ್ದು ನಮಗೆ ಯಾಕೆ ಹೊಳೀತಿಲ್ಲ? ನಮ್ಮೂರಿನ ಸರ್ಕಾರಿ ಆಸ್ಪತ್ರೆ ಮೆಗ್ಗಾನ್ ಇದೆ, ಅದಕ್ಕೆ ಸೇರಿದ ಮೆಡಿಕಲ್ ಕಾಲೇಜಿದೆ, ಹೆರಿಗೆ ಆಗ್ತಿದೆ, ಸರ್ಜನ್, ಅರಿವಳಿಕೆಯವರು, ರಕ್ತನಿಧಿ ಎಲ್ಲ ಅಲ್ಲೇ. ಜಾಗ ಇಕ್ಕಟ್ಟು ಅಂತೀರಿ. ಇಕ್ಕಟ್ಟಾದರೆ ಮೇಲಕ್ಕೆ ಕಟ್ಟಿ...

ಚೀಟಿ ಬಂತು. ಹತ್ತು ನಿಮಿಷ ಅಂತಿದೆಯೋ ಎರಡು ಅಂತಿದೆಯೋ, ಕನ್ನಡಕ ಇಲ್ಲ. ಎರಡಂತೆ.

ಸರಿ, ಬೇಗ ಹೇಳ್ತೀನಿ. ಒಂದು, ಡಬ್ಲಿನ್‌ನವರು ದೊಡ್ಡ ಕಟ್ಟಡ ಮುಗಿಯೋ ಮೊದಲೇ ಅಂಚಿನಲ್ಲಿ ಎರಡು ಸಣ್ಣ ಕೇಂದ್ರ ತೆರೆದರು, 2019ರಲ್ಲಿ ಬ್ಲಾಂಚರ್ಡ್ಸ್‌ಟೌನ್, 2021ರಲ್ಲಿ ಟಾಲಾ. ಜ್ವರ, ಕೈ ಮುರಿತ ಅಲ್ಲೇ ಮುಗೀತವೆ. ನಮಗೆ ಸಾಗರ, ತೀರ್ಥಹಳ್ಳಿ. ಎರಡು, ಆಗುಂಬೆ ಮಗು ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದೇ ಹತ್ತಿರ. ಅದನ್ನು ಹಟಕ್ಕೆ ಇಲ್ಲಿಗೆ ಎಳೆಯೋದು ಬೇಡ. ಮೂರು, ಆಂಬುಲೆನ್ಸ್ ಬಗ್ಗೆ ಆರು ಪುಟ ಬರೆದುಕೊಂಡು ಬಂದಿದ್ದೆ, ಹೋಗಲಿ.

ಮುಂದಿನ ಭಾನುವಾರ ಆ ಇಪ್ಪತ್ತು ಎಕರೆ ನೋಡೋಕೆ ಹೋಗ್ತಿದ್ದೀವಿ. ಬರೋರು ಕಾರು ತರಬೇಡಿ. ಬೆಳಗ್ಗೆ ಏಳಕ್ಕೆ ಬಸ್‌ಸ್ಟ್ಯಾಂಡಿಗೆ ಬನ್ನಿ, ಮೊದಲು ಮೆಗ್ಗಾನಿಗೆ ಹೋಗಿ, ಹೆರಿಗೆ ವಾರ್ಡಿನ ಬಾಗಿಲಿಂದ ಹೊರಟು ಬಸ್ಸು, ಆಟೋ ಹಿಡಿದು ಅಲ್ಲಿಗೆ ಮುಟ್ಟೋಣ. ಎಷ್ಟು ಹೊತ್ತಾಗುತ್ತೆ ನೋಡೋಣ. ಡಬ್ಬಿ ನಾನು ತರ್ತೀನಿ.