ಕೆನೆಮಾ ಆಸ್ಪತ್ರೆಯ ದಾದಿಯರು

ಕೇಳುಗರೇ, ನಮಸ್ಕಾರ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಕೆನೆಮಾ ಎಂಬ ಊರಿದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಾಸಾ ಜ್ವರಕ್ಕೆಂದೇ ಒಂದು ವಾರ್ಡು. ಇಲಿಯಿಂದ ಹರಡುವ ಈ ಜ್ವರವೂ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಹಾಗೆ ರಕ್ತಸ್ರಾವಕ್ಕೆ ತಿರುಗಬಲ್ಲದು. ಅಮೆರಿಕದ ಸಂಶೋಧಕರು ಯಂತ್ರ ತಂದರು, ತರಬೇತಿ ಕೊಟ್ಟರು. ರೋಗಿಯ ಮೈ ಒರೆಸಿದವರು, ರಕ್ತ ತೆಗೆದವರು ಊರಿನ ದಾದಿಯರು. ಇದಕ್ಕೆ ಸಹಭಾಗಿತ್ವ ಎಂದು ಹೆಸರು. ಆ ಪದದೊಳಗೇ ‘ಭಾಗ’ ಇದೆಯಲ್ಲ, ಯಾರ ಪಾಲಿಗೆ ಯಾವ ಭಾಗ?

ಅದರಿಂದ ಉಪಯೋಗವೇ ಆಗಲಿಲ್ಲ ಎಂದರೆ ಸುಳ್ಳಾದೀತು. 2014ರ ಮೇ ತಿಂಗಳಿನಲ್ಲಿ ದೇಶದ ಮೊದಲ ಎಬೋಲಾ ಪ್ರಕರಣ ಖಚಿತವಾದದ್ದು ಇದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಆದರೆ ಪ್ರಯೋಗಾಲಯ ಸಜ್ಜಾಗಿದ್ದಷ್ಟು ವಾರ್ಡು ಸಜ್ಜಾಗಿರಲಿಲ್ಲ. ಸೋಂಕು ತಗುಲಿದ ಗರ್ಭಿಣಿ ಸಹೋದ್ಯೋಗಿಯನ್ನು ನೋಡಿಕೊಂಡ ಹಿರಿಯ ದಾದಿ ಎಂಬಾಲು ಫೊನ್ನಿ ಜುಲೈನಲ್ಲಿ ತೀರಿಕೊಂಡರು. ವಾರ್ಡಿನ ಮುಖ್ಯಸ್ಥ ಡಾಕ್ಟರ್ ಶೇಕ್ ಉಮರ್ ಖಾನ್ ಅವರೂ ಹಾಸಿಗೆ ಹಿಡಿದರು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯಾಗದ ಜೀಮ್ಯಾಪ್ ಔಷಧಿ ಅವರಿದ್ದ ಚಿಕಿತ್ಸಾ ಕೇಂದ್ರದಲ್ಲೇ ಇತ್ತು. ಕೊಟ್ಟ ಮೇಲೆ ಅವರು ಸತ್ತರೆ ಜನರ ನಂಬಿಕೆಯೇ ಹೋದೀತು ಎಂಬ ಅಳುಕಿನಿಂದ ವಿದೇಶಿ ವೈದ್ಯರು ಕೊಡಲಿಲ್ಲ. ಜುಲೈ 29ರಂದು ಖಾನ್ ಹೋದರು. ಕೆಲವೇ ದಿನಗಳಲ್ಲಿ ಲೈಬೀರಿಯಾದಲ್ಲಿದ್ದ ಇಬ್ಬರು ಅಮೆರಿಕನ್ನರಿಗೆ ಅದೇ ಔಷಧಿ ಕೊಟ್ಟು ವಿಮಾನದಲ್ಲಿ ಅಟ್ಲಾಂಟಾಕ್ಕೆ ಸಾಗಿಸಿದರು, ಇಬ್ಬರೂ ಬದುಕಿದರು. ಔಷಧಿಯಿಂದಲೇ ಬದುಕಿದರೆಂದು ಯಾರೂ ಹೇಳಲಾರರು. ಆದರೂ ಆ ಎರಡು ಸುದ್ದಿಗಳನ್ನು ಒಟ್ಟಿಗೆ ಕೇಳಿದ ದಾದಿಯ ಮನಸ್ಸನ್ನು ಊಹಿಸಿ ನೋಡಿ.

ಬಡ ದೇಶಗಳ ಆರೋಗ್ಯ ಕಾರ್ಯಕರ್ತರು ಹೊರಗಿನವರು ಬರಬಾರದೆಂದು ಹಟ ಹಿಡಿದವರಲ್ಲ. ಕಲಿತದ್ದನ್ನು, ಕೆಲಸಕ್ಕೆ ಬಂದ ಯಂತ್ರವನ್ನು ಅವರು ನೆನೆಯುತ್ತಾರೆ. ಅವರ ತಕರಾರು ಬೇರೆ: ಎರಡು ವಾರಕ್ಕೆ ಬಂದು ಹೋಗುವವರಿಗೆ ನಾವೇ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು, ಬಿಡಿಭಾಗ ಸಿಗದ ಯಂತ್ರ ಮೂಲೆ ಸೇರುತ್ತದೆ, ಒಂದೊಂದು ಸಂಸ್ಥೆಗೂ ಒಂದೊಂದು ರಿಜಿಸ್ಟರು ತುಂಬಬೇಕು, ಯಾವುದು ಮೊದಲು ಬೇಕು ಎಂದು ಮಾತ್ರ ನಮ್ಮನ್ನು ಯಾರೂ ಕೇಳುವುದಿಲ್ಲ.

ಆಗಸ್ಟ್ ಕೊನೆಯಲ್ಲಿ ಕೆನೆಮಾದ ಮಾದರಿಗಳಿಂದ ಎಬೋಲಾ ವೈರಸ್ಸಿನ ವಂಶವಾಹಿ ಬಿಡಿಸಿದ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಐವತ್ತಕ್ಕೂ ಹೆಚ್ಚು ಲೇಖಕರು. ಖಾನ್, ಫೊನ್ನಿ ಸೇರಿ ಐವರು ಆ ವೇಳೆಗೆ ಎಬೋಲಾದಿಂದ ಸತ್ತಿದ್ದರು. ಅದೇ ವಾರ ಆ ಆಸ್ಪತ್ರೆಯ ಸಿಬ್ಬಂದಿ ಕೆಲಸ ನಿಲ್ಲಿಸಿದರು. ಅಪಾಯ ಭತ್ಯೆ ಬಂದಿಲ್ಲ ಎಂಬುದು ಒಂದು ದೂರು. ಇನ್ನೊಂದು, ರೋಗಿಯನ್ನೂ ಹೆಣವನ್ನೂ ಹೊರಲು ಇರುವುದು ಒಂದೇ ಸ್ಟ್ರೆಚರ್, ಅದೂ ಮುರಿದದ್ದು.