ಬೆರಳಿನ ನಡಿಗೆ

ಕಾರವಾರ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ ಸೀಮೆಯಲ್ಲಿ ಕೊನೆಕೊಯ್ಲಿನ ದಿನಗಳು ಬಂದವೆಂದರೆ ರಾತ್ರಿ ಊಟ ಮುಗಿದ ಮೇಲೂ ಅಡಿಕೆ ಸುಲಿಯುವ ಕೆಲಸ ಸಾಗಿರುತ್ತದೆ. ನಮ್ಮ ಮನೆಯ ಅಂಗಳದಲ್ಲಿ ಏಳೆಂಟು ಮಂದಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತಿರುತ್ತಿದ್ದರು. ಸಿಪ್ಪೆ ಸೀಳುವ ಸದ್ದು, ಅರೆಕ್ಷಣದ ಬಿಡುವು, ಸುಲಿದ ಅಡಿಕೆ ಡಬ್ಬಕ್ಕೆ ಬೀಳುವ ಸದ್ದು, ಇಷ್ಟೇ. ಅಮ್ಮ ಒಳಮನೆಯಲ್ಲಿ ಮಲಗಿದ್ದಲ್ಲಿಂದಲೇ ಆ ಸದ್ದನ್ನು ಕೇಳಿ, ಇವತ್ತು ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂಬುದನ್ನು ಹೇಳಿಬಿಡುತ್ತಿದ್ದರು. ಒಬ್ಬಾಕೆ ಮೂರು ಅಡಿಕೆಗಳನ್ನು ಬೇಗ ಬೇಗ ಸುಲಿದು ನಾಲ್ಕನೆಯದಕ್ಕೆ ತುಸು ತಡೆಯುತ್ತಿದ್ದಳು; ಇನ್ನೊಬ್ಬಾಕೆಯ ಕೈ ಗೋಡೆ ಗಡಿಯಾರದ ಹಾಗೆ ಒಂದೇ ಸಮನೆ ನಡೆಯುತ್ತಿತ್ತು.

ಮೂರು ಅಡಿಕೆಗಳ ಆ ಹೆಂಗಸನ್ನು ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಕತ್ತಿಯ ಕೆಲಸದಿಂದ ಅವಳ ಹೆಬ್ಬೆರಳಿನ ಗೆರೆಗಳು ಸವೆದಿದ್ದವು, ಅಡಿಕೆಯ ಚೊಗರು ಚರ್ಮದೊಳಗೆ ಇಳಿದಿತ್ತು. ಬೆರಳಚ್ಚಿನ ಯಂತ್ರ ಅವಳನ್ನು ನಾಲ್ಕು ಸಲ ನಿರಾಕರಿಸಿತು. ಕತ್ತಲೆಯಲ್ಲಿ, ಗೋಡೆಯ ಆಚೆಯಿಂದ, ಅಮ್ಮ ಯಾರ ಕೈಯನ್ನು ತಪ್ಪಿಲ್ಲದೆ ಗುರುತಿಸುತ್ತಿದ್ದರೋ ಆ ಕೈಯನ್ನು ಯಂತ್ರ ಎದುರಿಗಿಟ್ಟುಕೊಂಡೂ ಗುರುತಿಸದೆ ಹೋಯಿತು. ಕರಾವಳಿಯ ಕಾಲೇಜೊಂದರಲ್ಲಿ ಗಣಕವಿಜ್ಞಾನ ಕಲಿಸುವ ನನಗೆ, ಇಂದು ನಿಮ್ಮ ಮುಂದಿಡಬೇಕೆಂದಿರುವ ವಿಷಯದಲ್ಲಿ ನಿಜವಾದ ಆಸಕ್ತಿ ಹುಟ್ಟಿದ್ದು ಅಂದು. ಕಂಪ್ಯೂಟರನ್ನೋ ಮೊಬೈಲನ್ನೋ ಬಳಸುವವರು ಯಾರೆಂಬುದನ್ನು, ಅವರು ಅದನ್ನು ಬಳಸುವ ರೀತಿಯಿಂದಲೇ ಗುರುತಿಸುವ ವಿದ್ಯೆ ಅದು.

ಈ ವಿದ್ಯೆ ಕಂಪ್ಯೂಟರಿಗಿಂತ ಹಳೆಯದು. ನಮ್ಮ ದೊಡ್ಡಪ್ಪ ತಂತಿ ಕಚೇರಿಯಲ್ಲಿದ್ದರು. ಚುಕ್ಕೆ ಮತ್ತು ಗೆರೆಗಳ ಮೋರ್ಸ್ ಸಂಕೇತವನ್ನು ಎಲ್ಲರೂ ಒಂದೇ ಪುಸ್ತಕದಿಂದ ಕಲಿತಿದ್ದರೂ, ಆಚೆ ತುದಿಯಲ್ಲಿ ಕುಳಿತವರು ಯಾರೆಂಬುದು ನಾಲ್ಕು ಅಕ್ಷರ ಬರುವಷ್ಟರಲ್ಲಿ ತಮಗೆ ತಿಳಿಯುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಗೆರೆಯನ್ನು ಒಬ್ಬರು ಎಳೆಯುತ್ತಾರೆ, ಒಬ್ಬರು ಮೊಟಕುಗೊಳಿಸುತ್ತಾರೆ, ಒಬ್ಬರು ಪದದ ಕೊನೆಗೆ ಉಸಿರು ಬಿಟ್ಟಂತೆ ನಿಲ್ಲುತ್ತಾರೆ. ಇಂಗ್ಲಿಷ್ ತಂತಿಯವರು ಇದನ್ನು ‘ಫಿಸ್ಟ್’ ಎಂದು ಕರೆದರೆ ದೊಡ್ಡಪ್ಪ ‘ಕೈ’ ಎನ್ನುತ್ತಿದ್ದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಎಂಬಿಬ್ಬರು ತಂತಿಯವರ ಕೈಯ ಕುರಿತಾದ ತಮ್ಮ ಅಧ್ಯಯನವನ್ನು 1897ರಲ್ಲೇ ಪ್ರಕಟಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ರೇಡಿಯೋ ಸಂದೇಶಗಳನ್ನು ಕದ್ದು ಕೇಳುತ್ತಿದ್ದ ಬ್ರಿಟಿಷರು, ಗೂಢಲಿಪಿಯ ಅರ್ಥ ಬಿಡಿಸಲಾಗದಿದ್ದಾಗಲೂ, ಕಳುಹಿಸುವವನ ಕೈಯನ್ನು ಗುರುತು ಹಿಡಿದು, ಅವನಿರುವ ತುಕಡಿ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಹಿಂಬಾಲಿಸುತ್ತಿದ್ದರು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅಷ್ಟರಲ್ಲಿ ಅದೇ ಕೈ ಕೀಲಿಮಣೆಗೆ ಬಂದು ಕೂತಾಗಿತ್ತು.

ಯಂತ್ರ ಅಳೆಯುವುದು ಏನನ್ನು ಎಂದು ನೋಡೋಣ. ಕೀಲಿಯನ್ನು ಒತ್ತಿದ ಕ್ಷಣವೂ ಬಿಟ್ಟ ಕ್ಷಣವೂ ಕಂಪ್ಯೂಟರಿಗೆ ಬೇರೆ ಬೇರೆಯಾಗಿ ತಿಳಿಯುತ್ತವೆ. ಒತ್ತಿದಲ್ಲಿಂದ ಬಿಡುವವರೆಗಿನದು ಒಂದು ಅವಧಿ, ಒಂದು ಕೀಲಿಯನ್ನು ಬಿಟ್ಟು ಮುಂದಿನದನ್ನು ಒತ್ತುವವರೆಗಿನದು ಇನ್ನೊಂದು ಅವಧಿ. ಎರಡನ್ನೂ ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದು ಭಾಗದ ಲೆಕ್ಕದಲ್ಲಿ, ಬರೆದಿಡಲಾಗುತ್ತದೆ. ಕೈ ಪಳಗಿದವರಲ್ಲಿ ಎರಡನೆಯ ಅವಧಿ ಸೊನ್ನೆಗಿಂತಲೂ ಕೆಳಗೆ ಇಳಿಯುವುದುಂಟು. ಒಂದು ಬೆರಳು ಮೇಲೇಳುವ ಮೊದಲೇ ಮುಂದಿನ ಬೆರಳು ಕೆಳಗಿಳಿದಿರುತ್ತದೆ. ಇಂಥ ನೂರಾರು ಅವಧಿಗಳನ್ನು ಕೂಡಿಸಿದರೆ ಒಬ್ಬೊಬ್ಬರಿಗೆ ಒಂದೊಂದು ತಾಳ ಮೂಡುತ್ತದೆ. ಬಯಲಾಟದ ಚಂಡೆಯ ಸದ್ದು ದೂರದಿಂದ ಕೇಳಿಸಿದೊಡನೆ, ಇಂಥವರೇ ಬಾರಿಸುತ್ತಿದ್ದಾರೆ ಎಂದು ಹೇಳುವ ಹಿರಿಯರು ನಮ್ಮ ಊರೂರುಗಳಲ್ಲಿ ಇದ್ದಾರೆ. ಅವರ ಕಿವಿ ಮಾಡುವ ಕೆಲಸವೂ ಇದೇ.

1980ರಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಈ ಕುರಿತು ಒಂದು ವರದಿಯನ್ನು ಹೊರತಂದಿತು. ಅಲ್ಲಿನ ಏಳು ಮಂದಿ ಟೈಪಿಸ್ಟರಿಗೆ ಮೂರು ಗದ್ಯಭಾಗಗಳನ್ನು ಕೊಟ್ಟು ಟೈಪು ಮಾಡಿಸಿ, ನಾಲ್ಕು ತಿಂಗಳ ಅನಂತರ ಅವನ್ನೇ ಮತ್ತೊಮ್ಮೆ ಮಾಡಿಸಿದರು. ಒಂದರ ಹಿಂದೆ ಒಂದು ಬರುವ ಐದೇ ಐದು ಇಂಗ್ಲಿಷ್ ಅಕ್ಷರಜೋಡಿಗಳಲ್ಲಿ ಎರಡು ಅಕ್ಷರಗಳ ನಡುವಣ ಸಮಯವನ್ನು ನೋಡಿದರೆ ಸಾಕು, ಯಾರ ಕೈ ಯಾವುದೆಂದು ಹೇಳಬಹುದೆಂದು ಅವರಿಗೆ ಕಂಡಿತು. ಏಳು ಮಂದಿಯ ಪ್ರಯೋಗ ಬಹಳ ಚಿಕ್ಕದು, ನಿಜ. ಆದರೆ ನಾಲ್ಕು ತಿಂಗಳು ಕಳೆದರೂ ಕೈಯ ನಡೆ ಉಳಿಯುತ್ತದೆ ಎಂಬ ಮಾತು ಮುಂದಿನ ಸಂಶೋಧಕರಿಗೆ ದಾರಿಯಾಯಿತು.

ದೊಡ್ಡ ಪ್ರಯೋಗಗಳು ಬಂದ ಮೇಲೆ ಉತ್ಸಾಹಕ್ಕೆ ಒಂದು ಹದ ಸಿಕ್ಕಿತು. 2009ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆವಿನ್ ಕಿಲೂರಿ ಮತ್ತು ರಾಯ್ ಮ್ಯಾಕ್ಸಿಯನ್ ಎಂಬವರು 51 ಮಂದಿಯಿಂದ ಹತ್ತು ಚಿಹ್ನೆಗಳ ಒಂದೇ ಪಾಸ್‌ವರ್ಡನ್ನು ತಲಾ 400 ಸಲ ಟೈಪು ಮಾಡಿಸಿ, 14 ಬಗೆಯ ಲೆಕ್ಕಾಚಾರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಾದದ್ದರ ತಪ್ಪಿನ ಪ್ರಮಾಣವೂ ಶೇಕಡಾ 9.6 ಇತ್ತು. ಸರಳವಾಗಿ ಹೇಳುವುದಾದರೆ, ಬೇರೆಯವರು ನೂರು ಸಲ ಬಾಗಿಲು ತಟ್ಟಿದರೆ ಸುಮಾರು ಹತ್ತು ಸಲ ಬಾಗಿಲು ತೆರೆಯುತ್ತದೆ, ಮನೆಯ ಯಜಮಾನರು ನೂರು ಸಲ ತಟ್ಟಿದರೆ ಸುಮಾರು ಹತ್ತು ಸಲ ಅವರಿಗೂ ತೆರೆಯುವುದಿಲ್ಲ. ಒಂದು ಪಾಸ್‌ವರ್ಡಿನಷ್ಟು ಚಿಕ್ಕ ತುಣುಕಿನಿಂದ ಮನುಷ್ಯನನ್ನು ಗುರುತಿಸುವುದು ಅಷ್ಟು ಕಷ್ಟ. ಆದ್ದರಿಂದ ಬೆರಳಿನ ನಡಿಗೆ ಇತರ ಸಾಕ್ಷ್ಯಗಳ ಜೊತೆಗೆ ನಿಲ್ಲಬಹುದಾದ ಸಾಕ್ಷಿ. ಅದೊಂದನ್ನೇ ನಂಬಿ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಈ ಎರಡು ಪ್ರಯೋಗಗಳೂ ಇಂಗ್ಲಿಷ್ ಕೀಲಿಮಣೆಯ ಮೇಲೆ ನಡೆದವು ಎಂಬುದನ್ನು ಕನ್ನಡಿಗರು ಗಮನಿಸಬೇಕು. ನುಡಿ ತಂತ್ರಾಂಶದಲ್ಲಿರುವ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ‘ಸ್ತ್ರೀ’ ಎಂಬ ಒಂದಕ್ಷರ ಮೂಡಲು, ಶಿಫ್ಟನ್ನು ಲೆಕ್ಕಕ್ಕೆ ಹಿಡಿಯದೆ, ಆರು ಕೀಲಿಗಳು ಬೇಕು, ಅವುಗಳಲ್ಲಿ ಎರಡು ಸಲ ಒತ್ತಕ್ಷರದ ಕೊಂಡಿಯಾಗಿ ‘ಎಫ್’ ಕೀಲಿ ಬರುತ್ತದೆ. ‘ಕಾರವಾರ’ ಎಂದು ಬರೆಯುವಾಗ ಎರಡು ದೀರ್ಘಗಳಿಗಾಗಿ ಎರಡು ಸಲ ಶಿಫ್ಟ್ ಕೀಲಿಯನ್ನು ಹಿಡಿಯಬೇಕು. ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಹಿಂದೆ ನಿಂತು ನಾನು ಗಮನಿಸಿದ್ದೇನೆ: ಕೆಲವರು ಎಡಗಡೆಯ ಶಿಫ್ಟನ್ನು ಕಿರುಬೆರಳಿನಿಂದ ಹಿಡಿಯುತ್ತಾರೆ, ಕೆಲವರು ಅದನ್ನು ಬಿಡುವುದಕ್ಕೆ ತಡಮಾಡಿ ಮುಂದಿನ ಅಕ್ಷರವನ್ನೂ ಕೆಡಿಸಿಕೊಂಡು ಅಳಿಸುತ್ತಾರೆ, ಕೆಲವರು ಒತ್ತಕ್ಷರದ ಮುಂಚೆ ಮನಸ್ಸಿನಲ್ಲೇ ಅದನ್ನು ಬಿಡಿಸಿಕೊಳ್ಳುವವರಂತೆ ಒಂದು ಗಳಿಗೆ ನಿಲ್ಲುತ್ತಾರೆ. ಆ ನಿಲುಗಡೆಯಲ್ಲೇ ಆಳು ಯಾರೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ನೀರಿನಂತೆ ಹರಿಯುವ ಕೈ ಕನ್ನಡಕ್ಕೆ ಬಂದಾಗ ಬೇರೆಯೇ ಆಗುವುದನ್ನೂ ಕಂಡಿದ್ದೇನೆ. ಒಂದು ಭಾಷೆಯಲ್ಲಿ ಕಲಿತ ಗುರುತನ್ನು ಇನ್ನೊಂದಕ್ಕೆ ಹೊಂದಿಸಹೊರಟರೆ ಎರಡು ನುಡಿಗಳಲ್ಲಿ ಬದುಕುವ ನಮ್ಮಂಥವರು ನಮ್ಮದೇ ಯಂತ್ರಗಳಿಗೆ ಅಪರಿಚಿತರಾಗುತ್ತೇವೆ. ಕನ್ನಡದ ಕೈಗಳನ್ನಿಟ್ಟುಕೊಂಡು ಈ ಕೆಲಸವನ್ನು ಕನ್ನಡಿಗರೇ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಮೊಬೈಲಿನಲ್ಲಿ ಕೀಲಿಗಳ ಸದ್ದಿಲ್ಲದಿದ್ದರೂ ಗುರುತಿಗೆ ಅಲ್ಲಿ ಇನ್ನೂ ಹೆಚ್ಚಿನ ದಾರಿಗಳಿವೆ. ಪರದೆಯನ್ನು ಸರಿಸುವ ಹೆಬ್ಬೆರಳು ಎಲ್ಲಿ ತಾಗಿತು, ಎಷ್ಟು ವೇಗದಲ್ಲಿ ಹೋಯಿತು, ಗೆರೆ ಎಷ್ಟು ಬಾಗಿತು, ಎಷ್ಟು ಅಗಲ ಒತ್ತಿತು ಎಂಬಂಥ 30 ಲಕ್ಷಣಗಳನ್ನು 41 ಮಂದಿಯಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದು ವಾರ ಕಳೆದ ಮೇಲೂ ತಪ್ಪಿನ ಪ್ರಮಾಣ ಶೇಕಡಾ 4ರ ಒಳಗೇ ಇತ್ತು. ಮೊಬೈಲನ್ನು ಹಿಡಿಯುವ ಓರೆ, ಜೇಬಿನಲ್ಲಿದ್ದಾಗ ನಡಿಗೆಯ ಕುಲುಕು, ಇವನ್ನೂ ಅದರೊಳಗಿನ ಸಂವೇದಕಗಳು ಬರೆದಿಡಬಲ್ಲವು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ನಿಂತು ಒಂದು ಸಂದೇಶ ಬರೆದು ನೋಡಿ. ನಿಮ್ಮ ಕೈ ನಿಮ್ಮದಾಗಿ ಉಳಿದಿರುವುದಿಲ್ಲ. ಅಂಥ ವೇಳೆಯಲ್ಲಿ ಯಂತ್ರ ತಾಳ್ಮೆ ತೋರಬೇಕು.

ಇದರಿಂದ ಆಗುವ ಉಪಕಾರವನ್ನು ಮರೆಯಬಾರದು. ಫೋನಿನಲ್ಲಿ ನಯವಾಗಿ ಮಾತನಾಡಿ ಓಟಿಪಿ ಪಡೆದು ಖಾತೆ ಖಾಲಿ ಮಾಡುವವರ ಕೈಗೆ ಸಿಕ್ಕವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ಕದ್ದವನಿಗೆ ಪಾಸ್‌ವರ್ಡ್ ಸಿಗುತ್ತದೆ, ಓಟಿಪಿ ಸಿಗುತ್ತದೆ, ಆದರೆ ಖಾತೆದಾರರು ಆ ಪರದೆಯ ಮೇಲೆ ಬೆರಳಾಡಿಸುವ ಬಗೆ ಸಿಗುವುದಿಲ್ಲ. ಎಪ್ಪತ್ತರ ಅಜ್ಜಿಯ ಖಾತೆಯಲ್ಲಿ ಮಿಂಚಿನ ವೇಗದ ಬೆರಳುಗಳು ಕಾಣಿಸಿಕೊಂಡಾಗ ಹಣ ಹೊರಹೋಗುವ ಮುನ್ನ ಒಂದು ಪ್ರಶ್ನೆ ಕೇಳುವುದು ನ್ಯಾಯವೇ ಸರಿ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳು, ಡಿಜಿಟಲ್ ಪಾವತಿಯಲ್ಲಿ ಕನಿಷ್ಠ ಎರಡು ದೃಢೀಕರಣಗಳ ಜೊತೆಗೆ, ಗ್ರಾಹಕರ ವರ್ತನೆಯ ಮಾದರಿಯನ್ನು ಗಮನಿಸಿ ಅಪಾಯವನ್ನು ಅಳೆಯುವುದಕ್ಕೂ ಎಡೆ ಮಾಡಿಕೊಟ್ಟಿವೆ.

ಆದರೆ ನನ್ನನ್ನು ಕಾಡುವ ಸಂಗತಿ ಬೇರೆಯಿದೆ. ಬೆರಳಚ್ಚು ಕೊಡುವಾಗ ಕೊಡುತ್ತಿದ್ದೇವೆಂದು ನಮಗೆ ಗೊತ್ತಿರುತ್ತದೆ. ಯಂತ್ರದ ಮೇಲೆ ಬೆರಳಿಟ್ಟವರು ನಾವೇ. ಬೆರಳಿನ ನಡಿಗೆಯನ್ನು ಯಾರೂ ಕೇಳಿ ಪಡೆಯಬೇಕಾಗಿಲ್ಲ. ನಾವು ತೆರೆದ ಜಾಲತಾಣದ ಪುಟ, ನಾವು ಬರೆದದ್ದು ಏನೆಂಬುದರ ಗೊಡವೆಯಿಲ್ಲದೆ, ಬರೆದ ವೇಗವನ್ನಷ್ಟೇ ಸದ್ದಿಲ್ಲದೆ ಅಳೆಯಬಲ್ಲದು. ಹೆಸರು ಬದಲಿಸಿ ಬೇರೆ ಖಾತೆ ತೆರೆದವರನ್ನೂ ಆ ತಾಳದಿಂದ ಜೋಡಿಸಿ ನೋಡಬಹುದು. ಈ ಕಾರಣಕ್ಕೇ ಟಾರ್ ಎಂಬ ಬ್ರೌಸರಿನವರು ಪುಟಗಳಿಗೆ ಸಿಗುವ ಗಡಿಯಾರವನ್ನು ಬೇಕೆಂದೇ ಒರಟಾಗಿಸಿ, ಮಿಲಿಸೆಕೆಂಡಿನ ಸೂಕ್ಷ್ಮತೆ ಯಾರಿಗೂ ದಕ್ಕದಂತೆ ಮಾಡಿದ್ದಾರೆ. ಪಾಸ್‌ವರ್ಡ್ ಕಳುವಾದರೆ ಹೊಸದನ್ನು ಇಟ್ಟುಕೊಳ್ಳಬಹುದು. ಐವತ್ತು ವರ್ಷ ಬೆಳೆಸಿಕೊಂಡ ಕೈಯ ರೂಢಿಯನ್ನು ಯಾವ ಕಚೇರಿಗೆ ಅರ್ಜಿ ಹಾಕಿ ಬದಲಿಸಿಕೊಳ್ಳುವುದು?

ಇನ್ನೊಂದು ಮಾತನ್ನು ಹೇಳಲೇಬೇಕು. 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು, ಕೀಲಿಯನ್ನು ಒತ್ತಿ ಹಿಡಿಯುವ ಅವಧಿಯ ಏರುಪೇರಿನಲ್ಲಿ ಪಾರ್ಕಿನ್ಸನ್ ಕಾಯಿಲೆಯ ಆರಂಭದ ಚಿಹ್ನೆಗಳು ಕಾಣುತ್ತವೆ ಎಂದು ತೋರಿಸಿದರು. ವೈದ್ಯರ ಕೈಯಲ್ಲಿ ಇದು ವರ. ಆದರೆ ಗುರುತಿಗೆಂದು ಕೂಡಿಟ್ಟ ಅಂಕಿಗಳೇ ರೋಗವನ್ನೂ ಹೇಳಬಲ್ಲವೆಂದಾದರೆ, ನಮ್ಮ ಮನೆಯವರಿಗೂ ತಿಳಿಯದ ನಡುಕ ನಾವು ಕಾಣದ ಯಾವುದೋ ಕಡತದಲ್ಲಿ ಮೊದಲೇ ದಾಖಲಾಗಿರಬಹುದು. ಕೈ ನಡುಗಲು ತೊಡಗಿದ ಅದೇ ಮನುಷ್ಯನಿಗೆ, ನೀವು ನೀವಲ್ಲ ಎಂದು ಬಾಗಿಲು ಮುಚ್ಚುವ ಯಂತ್ರವೂ ಅದೇ ಆಗಿರುತ್ತದೆ. ಹೆಬ್ಬೆರಳು ಸವೆದ ಆ ಹೆಂಗಸು ಕಚೇರಿಯ ಮೆಟ್ಟಿಲಿಳಿಯುವಾಗ ತನ್ನ ಕೈಯನ್ನೇ ತಾನು ನೋಡಿಕೊಂಡಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ವಯಸ್ಸು, ಗಾಯ, ದುಡಿಮೆ, ಕಾಯಿಲೆ ಇವುಗಳಿಂದ ಬದಲಾದ ಕೈಗೆ ಒಳಬರಲು ಇನ್ನೊಂದು ದಾರಿಯನ್ನು ಇಡದ ಯಾವ ವ್ಯವಸ್ಥೆಯೂ ಜನರ ಮೇಲೆ ಹೇರಲು ತಕ್ಕದ್ದಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ನಮಗೆ ಕೊಡಬೇಕೆಂದು ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡವೂ ಇದೆ, ನಮ್ಮ ಕಾರವಾರದ ಮನೆಮನೆಯ ಕೊಂಕಣಿಯೂ ಇದೆ. ಮೊಬೈಲಿನಲ್ಲಿ ಉದ್ದನೆಯ ಇಂಗ್ಲಿಷ್ ಬರಹ ಬಂದೊಡನೆ ‘ಒಪ್ಪಿದೆ’ ಎಂದು ಒತ್ತಿಬಿಡುವ ಬದಲು, ಕನ್ನಡದಲ್ಲಿ ಕೊಡಿ, ಕೊಂಕಣಿಯಲ್ಲಿ ಕೊಡಿ ಎಂದು ಕೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳಬೇಕಾಗಿದೆ. ನನ್ನ ಕೀಲಿಗಳ ವೇಗವನ್ನು ಯಾಕೆ ಅಳೆಯುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳಿಗೆ ಆ ಪತ್ರದಲ್ಲಿ ಉತ್ತರ ಇರಬೇಕು.

ಕೊನೆಯ ವರ್ಷದ ವಿದ್ಯಾರ್ಥಿಗಳು ಯೋಜನಾ ಕಾರ್ಯಕ್ಕಾಗಿ ಕೀಲಿಗಳ ಅವಧಿಯನ್ನು ದಾಖಲಿಸುವ ಪುಟ್ಟ ತಂತ್ರಾಂಶವನ್ನು ಬರೆದಾಗ, ಇದೇ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ ಬರೆದು ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದೆವು. ಒಪ್ಪದವರಿಗೆಂದು ಕಿಟಕಿಯ ಪಕ್ಕದ ಎರಡು ಕಂಪ್ಯೂಟರುಗಳನ್ನು ಬಿಟ್ಟುಕೊಟ್ಟೆವು. ಒಬ್ಬ ಹುಡುಗಿ ಮೊದಲು ಒಪ್ಪಿದ್ದವಳು, ವಾರದ ಮೇಲೆ ಬಂದು, ತನ್ನದನ್ನು ಅಳಿಸಲು ಆಗುತ್ತದೆಯೇ ಎಂದು ಕೇಳಿದಳು. ಕಾರಣವನ್ನು ನಾವು ಕೇಳಲಿಲ್ಲ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವಳ ಹೆಸರಿನಲ್ಲಿದ್ದ ಕಡತವನ್ನು ತೆರೆದು ತೋರಿಸಿ, ಅಳಿಸುವ ಕೀಲಿಯನ್ನು ಅವಳಿಂದಲೇ ಒತ್ತಿಸಿದೆವು.

ನಮಸ್ಕಾರ.