ಹೆಸರು ಬಿಡಿ, ನಂಬರು ಹೇಳಿ

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವ ಹಳೇ ಮಿಲಿಟರಿ ಸಾಮಾನು ಏನಿದ್ದರೂ ತನ್ನಿ ಅಂತ ಹೇಳಿ ಕಳಿಸಿದ್ದೆ. ಮುಂದಿನ ಸಾಲಿನಲ್ಲೇ ಮೂರು ಟಿನ್ ಡಬ್ಬ ಕಾಣುತ್ತಿವೆ. ಹಿಂದೆ ಒಬ್ಬರು ಟ್ರಂಕನ್ನೇ ತಂದಿದ್ದಾರೆ. ಅದನ್ನು ನೋಡಿ ನನಗೆ ಮಾತು ಬೇಗ ಮುಗಿಸೋಣ ಅನ್ನಿಸುತ್ತಿದೆ.

ಸೈನ್ಯದಲ್ಲಿದ್ದ ನಮ್ಮ ಮನೆಯ ಹಿರಿಯರ ದಾಖಲೆ ಹುಡುಕುವುದು ಹೇಗೆ ಅನ್ನುವುದು ಇವತ್ತಿನ ಮಾತು. ಬೆಂಗಳೂರಿನಲ್ಲಿ ಈ ಹುಡುಕಾಟ ಶುರುವಾಗುವುದು ಒಂದು ಮಾತಿನಿಂದ. "ನಮ್ಮ ತಾತ ದಂಡಿನಲ್ಲಿದ್ದರು." ಈ ಮಾತನ್ನು ಸುಮ್ನೆ ನಂಬಬೇಡಿ. ದಂಡು ಅಂದರೆ ಸೈನ್ಯವೂ ಹೌದು, ಕಂಟೋನ್ಮೆಂಟೂ ಹೌದು. ದಂಡು ರೈಲ್ವೆ ಸ್ಟೇಷನ್ ಅನ್ನುತ್ತೇವಲ್ಲ, ಆ ದಂಡು. ನಿಮ್ಮ ತಾತ ಬಂದೂಕು ಹಿಡಿದಿರಬಹುದು, ಇಲ್ಲವೇ ದಂಡಿನಲ್ಲಿ ಸೋಡಾ ಅಂಗಡಿ ಇಟ್ಟಿರಬಹುದು. "ಮಿಲಿಟರಿಯಲ್ಲಿದ್ದರು" ಅನ್ನುವುದೂ ಹಾಗೇ. ಅಡುಗೆಯವರು, ಅಗಸರು, ನೀರು ಹೊರುವವರು, ಕುದುರೆ ನೋಡಿಕೊಳ್ಳುವವರು, ಎಲ್ಲರೂ ಮಿಲಿಟರಿಯಲ್ಲೇ ಇದ್ದರು. ಕಡತದಲ್ಲಿ ಅವರಿಗೆ ಫಾಲೋವರ್ ಅಂತ ಬೇರೆ ಹೆಸರು. ಇನ್ನು "ತಾತ ಬಾರ್‌ನಲ್ಲಿದ್ದರು" ಅಂದರೆ ಗಾಬರಿಯಾಗಬೇಡಿ. ಮೈಸೂರು ಸಂಸ್ಥಾನದ ಕಾಲಾಳು ಪಡೆಗೆ ಬಾರ್ ಅಂತಲೇ ಹೆಸರಿತ್ತು.

ಹಾಗಾಗಿ ಮೊದಲ ಪ್ರಶ್ನೆ: ಅವರು ಮಹಾರಾಜರ ಕಡೆಯವರೋ, ಬ್ರಿಟಿಷರ ಕಡೆಯವರೋ? 1809ರಲ್ಲಿ ಕಂಟೋನ್ಮೆಂಟ್ ಬಂದ ಮೇಲೆ ಈ ಊರು ಎರಡಾಗಿತ್ತು. ಪೇಟೆಯ ಕಡೆಯ ಕಾಗದಗಳು ಒಂದು ದಾರಿ ಹಿಡಿದವು, ದಂಡಿನ ಕಡೆಯವು ಇನ್ನೊಂದು ದಾರಿ. ನಾವು ತಪ್ಪು ಕಚೇರಿಯಲ್ಲಿ ಅರ್ಧ ಆಯಸ್ಸು ಕಳೆಯುವುದು ಇದು ಗೊತ್ತಿಲ್ಲದೆ.

ಮಹಾರಾಜರ ಕಡೆ ಅಂದರೆ ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆ ನೆನಪಾಗಬೇಕು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರು ಜೋಧಪುರದವರು ಮತ್ತು ನಮ್ಮವರು. ಜೋಧಪುರದವರು ಊರಿನ ಮೇಲೆ ಕುದುರೆ ಓಡಿಸಿದರು, ನಮ್ಮವರಲ್ಲಿ ಒಂದು ತಂಡ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳಿಗೆ ಕೈ ಹಾಕಿತು. ಅವರ ಸ್ಮಾರಕ ಇಲ್ಲೇ ಜೆ.ಸಿ. ನಗರದಲ್ಲಿದೆ, ತೀರಿಕೊಂಡವರ ಹೆಸರುಗಳ ಸಮೇತ. ಇಲ್ಲಿರುವವರಲ್ಲಿ ಎಷ್ಟು ಜನ ನಿಂತು ಓದಿದ್ದೀರಿ? ಇಬ್ಬರು. ಪರವಾಗಿಲ್ಲ, ನನಗೂ ಐವತ್ತು ದಾಟಿದ ಮೇಲೇ ಬುದ್ಧಿ ಬಂದದ್ದು. ಲ್ಯಾನ್ಸರ್ಸ್ 1953ರಲ್ಲಿ ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಸೇರಿ 61ನೇ ಕ್ಯಾವಲ್ರಿ ಆಯಿತು. ಕಾಲಾಳುಗಳು ಮದ್ರಾಸ್ ರೆಜಿಮೆಂಟಿಗೆ ಸೇರಿದರು. ಅದಕ್ಕೂ ಮೊದಲು, 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಮೈಸೂರಿನ ಒಂದು ಕಾಲಾಳು ದಳವೇ ಜಪಾನಿಯರಿಗೆ ಸೆರೆ ಸಿಕ್ಕಿತ್ತು. "ತಾತ ಸಿಂಗಪುರಕ್ಕೆ ಹೋಗಿದ್ದರು, ಮೂರು ವರ್ಷ ಕಾಗದವೇ ಇಲ್ಲ" ಅನ್ನುವ ಮನೆಯವರು ಇದನ್ನು ನೆನಪಿಡಿ. ಸಂಸ್ಥಾನದ ಕಡತಗಳಿಗೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ.

ಇನ್ನು ಬ್ರಿಟಿಷರ ಕಡೆ. ಇಲ್ಲಿ ನನ್ನದೇ ಕಥೆ ಹೇಳುತ್ತೇನೆ, ನಾಚಿಕೆ ಬಿಟ್ಟು.

ನಮ್ಮ ತಾತನ ಅಣ್ಣ, ದೊಡ್ಡ ತಾತ, ಹೆಸರು ಮುನಿಸ್ವಾಮಿ. "ಜರ್ಮನಿ ಯುದ್ಧಕ್ಕೆ ಬಸ್ರಾಗೆ ಹೋಗಿದ್ದರು" ಅನ್ನುವುದಷ್ಟೇ ನನಗೆ ಗೊತ್ತಿತ್ತು. ಜರ್ಮನಿ ಯುದ್ಧ ಅಂದರೆ ಮೊದಲ ಮಹಾಯುದ್ಧ, ಬಸ್ರಾ ಇರುವುದು ಇರಾಕಿನಲ್ಲಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾದದ್ದು. ಅದರ ಜಾಲತಾಣದಲ್ಲಿ ಹೆಸರು ಹಾಕಿದರೆ ಹುಡುಕಿ ಕೊಡುತ್ತದೆ, ದುಡ್ಡಿಲ್ಲ. ನಾನೂ ಹಾಕಿದೆ. ಮುನಿಸ್ವಾಮಿ, ಸ್ಯಾಪರ್ (ಸೇತುವೆ, ರಸ್ತೆ ಕಟ್ಟುವ ಸೈನಿಕ), ಬಸ್ರಾ ಸ್ಮಾರಕ. ಸಿಕ್ಕೇ ಬಿಟ್ಟರು! ಕಣ್ಣಲ್ಲಿ ನೀರು ಬಂತು. ಆ ಪುಟವನ್ನು ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ಹಾಲ್‌ನಲ್ಲಿ ತೂಗುಹಾಕಿದೆ. ಎರಡು ವರ್ಷ ಬಂದವರಿಗೆಲ್ಲ ತೋರಿಸಿದೆ.

ಒಂದು ದಿನ ನನ್ನ ಸೋದರತ್ತೆ ಬಂದರು. ಎಂಬತ್ತು ದಾಟಿದವರು. ಕನ್ನಡಕ ಏರಿಸಿ ನೋಡಿದರು. "ಏನೋ ಇದು?"

"ದೊಡ್ಡ ತಾತ, ಅತ್ತೆ. ಬಸ್ರಾದಲ್ಲಿ ತೀರಿಕೊಂಡರಲ್ಲ."

"ಅಯ್ಯೋ ಮಂಕೇ, ದೊಡ್ಡಪ್ಪ ನಮ್ಮ ಮನೇಲೇ ಸತ್ತಿದ್ದು ಕಣೋ. ನಾನೇ ಬಾಯಿಗೆ ನೀರು ಬಿಟ್ಟೆ."

ಆ ಪಟ್ಟಿ ಇರುವುದು ತೀರಿಕೊಂಡವರಿಗೆ ಮಾತ್ರ. ಮೊದಲ ಮಹಾಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಬದುಕಿ ಬಂದ ಮನುಷ್ಯನನ್ನು ನಾನು ಸತ್ತವರ ಪಟ್ಟಿಯಲ್ಲಿ ಹುಡುಕಿದ್ದೆ. ಅಲ್ಲಿದ್ದವರು ಯಾರೋ ಬೇರೆ ಮನೆಯ ಮುನಿಸ್ವಾಮಿ. ತಂದೆಯ ಹೆಸರು, ಊರು ಎರಡೂ ಆ ಪುಟದಲ್ಲೇ ಇದ್ದವು. ನಾನು ಓದಿರಲಿಲ್ಲ, ಅಷ್ಟೇ. ಆ ಕಟ್ಟನ್ನು ಇನ್ನೂ ಎಸೆದಿಲ್ಲ. ಆ ಮುನಿಸ್ವಾಮಿಗೂ ಒಂದು ಗೋಡೆ ಬೇಕಲ್ವಾ.

ಅತ್ತೆ ಅವತ್ತೇ ಇನ್ನೊಂದು ಮಾತು ಹೇಳಿದರು. "ಅವರ ಬಿಲ್ಲೆ ನನ್ನ ಹತ್ರ ಇದೆ, ದೇವರ ಮನೇಲಿ." ಹೋಗಿ ನೋಡಿದೆ. ಕಂಚಿನ ವಿಕ್ಟರಿ ಮೆಡಲ್. ಅದರ ಮುಖದಲ್ಲಿ ರೆಕ್ಕೆಯಿರುವ ಒಬ್ಬ ಹೆಂಗಸು ನಿಂತಿರುತ್ತಾಳೆ. ನಮ್ಮ ಮನೆಯ ಹೆಂಗಸರು ಅದು ಯಾವುದೋ ದೇವಿ ಅಂದುಕೊಂಡು ಅರಿಶಿನ ಕುಂಕುಮ ಇಟ್ಟಿದ್ದರು. ಅದರ ಜೊತೆ ಬಂದಿದ್ದ ಬೆಳ್ಳಿಯದು ಯಾವುದೋ ಮದುವೆಯ ಖರ್ಚಿಗೆ ಹೋಗಿತ್ತು. ಕಂಚಿನದು ಯಾರಿಗೂ ಬೇಡವಾಗಿತ್ತು, ಅದಕ್ಕೇ ಉಳಿಯಿತು.

ಅಂಚು ನೋಡಿ. ಮೆಡಲ್ ಸಿಕ್ಕಿದರೆ ಮುಖ ನೋಡಬೇಡಿ, ಅಂಚು ನೋಡಿ. ಆ ಯುದ್ಧದ ಪದಕಗಳ ಅಂಚಿನಲ್ಲಿ ಆ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ನಮ್ಮ ಗ್ರಹಚಾರಕ್ಕೆ ಪ್ರತಿ ಶುಕ್ರವಾರ ದೀಪದ ಕಂಬಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ನಂಬರಿನ ಮೊದಲ ಅಂಕಿ ಮೂರೋ ಎಂಟೋ ಇವತ್ತಿಗೂ ಜಗಳ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದಾಗ ಉಳಿದದ್ದು ಕಂಡಿತು: "2 ಕ್ಯೂ.ವಿ.ಓ. ಎಸ್. ಅಂಡ್ ಎಂ." ಅಂದರೆ ಸೆಕೆಂಡ್ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್. ಮದ್ರಾಸ್ ಅನ್ನುವ ಪದವೇ ಇಲ್ಲ. ಆದರೆ ಇದೇ ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್, ಇವತ್ತಿನ ಎಂ.ಇ.ಜಿ., ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. 1923ರಲ್ಲಿ ಮದ್ರಾಸ್ ಪದ ಮತ್ತೆ ಸೇರಿತು. ನಿಮ್ಮ ಅಂಚಿನಲ್ಲಿ "ಐ.ಎಸ್." ಅಂತ ಇದ್ದರೆ ಅದು ಇಂಪೀರಿಯಲ್ ಸರ್ವಿಸ್, ಅಂದರೆ ಸಂಸ್ಥಾನದ ಪಡೆ. ಪಯನಿಯರ್, ಅಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುವವರು, ಅಂತ ಇದ್ದರೆ, ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆ ಸೇರುವಲ್ಲಿ ಸಿಗ್ನಲ್ ಕಾಯುತ್ತಾ ನೋಡಿರುತ್ತೀರಲ್ಲ, ಆ ಸ್ಮಾರಕದ ಮುಂದೆ ಒಂದು ನಿಮಿಷ ಇಳಿಯಿರಿ. ಮದ್ರಾಸ್ ಪಯನಿಯರ್ಸ್ ಪಡೆಯನ್ನು 1933ರಲ್ಲೇ ಮುಚ್ಚಿದರು.

ಹೆಸರಿಗಿಂತ ನಂಬರು ಯಾಕೆ ಮುಖ್ಯ ಅಂದರೆ, ಹೆಸರು ಬರೆದುಕೊಂಡವನಿಗೆ ಕನ್ನಡ ಬರುತ್ತಿರಲಿಲ್ಲ. ಮುನಿಸ್ವಾಮಿ ಒಂದು ಕಡೆ ಮುನುಸಾಮಿ, ಇನ್ನೊಂದು ಕಡೆ ಮೂನೆಸಾಮಿ. ಊರುಗಳೂ ಹಾಗೆ. ರಾಮನಗರ ಸಿಗುವುದಿಲ್ಲ, ಕ್ಲೋಸ್‌ಪೇಟೆ ಸಿಗುತ್ತದೆ. ಪಾಂಡವಪುರ ಅಂದರೆ ಫ್ರೆಂಚ್ ರಾಕ್ಸ್. ಶಿವಾಜಿನಗರ ಬ್ಲ್ಯಾಕ್‌ಪಳ್ಳಿ. ಜೋರಾಗಿ ಓದಿಕೊಳ್ಳಿ. ಕಣ್ಣಿಗೆ ಸಿಗದ ಊರು ಎಷ್ಟೋ ಸಲ ಕಿವಿಗೆ ಸಿಗುತ್ತದೆ.

ಪಡೆ ಗೊತ್ತಾದರೆ ವಾರ್ ಡೈರಿ ಓದಬಹುದು. ಪ್ರತಿ ಪಡೆಯೂ ದಿನದಿನದ ಲೆಕ್ಕ ಬರೆದಿಡಬೇಕಿತ್ತು. ಅಂಥವು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಹಳ ಇವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಏನಿದೆ ಅಂತ "ಅಭಿಲೇಖ್ ಪಟಲ್" ತಾಣದಲ್ಲಿ ಮನೆಯಿಂದಲೇ ನೋಡಬಹುದು. "ಬೋಟುಗಳನ್ನ ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸ್ತಿದ್ವಿ, ಆ ಕಡೆಯಿಂದ ಗುಂಡು ಬರ್ತಿತ್ತು" ಅಂತ ದೊಡ್ಡ ತಾತ ಹೇಳುತ್ತಿದ್ದರಂತೆ. 1917ರ ಫೆಬ್ರವರಿ 23ರಂದು ಶುಮ್ರಾನ್ ಅನ್ನುವ ತಿರುವಿನಲ್ಲಿ ಸೈನ್ಯ ಟೈಗ್ರಿಸ್ ನದಿ ದಾಟಿತು, ಮದ್ರಾಸ್ ಸ್ಯಾಪರ್‌ಗಳೂ ಆ ಕೆಲಸದಲ್ಲಿದ್ದರು. ಮಾರ್ಚ್ 11ಕ್ಕೆ ಬಾಗ್ದಾದ್ ಸಿಕ್ಕಿತು. ಅವರು ಹೇಳಿದ್ದು ಆ ಸೇತುವೆಯನ್ನೇ ಅಂತ ನಾನು ಆಣೆ ಮಾಡಲಾರೆ. ಅವರು ಯಾವ ತುಕಡಿಯವರು ಅಂತ ಹೇಳುವ ಕಂಪನಿ ನಂಬರು ಅಂಚಿನಲ್ಲಿಲ್ಲ.

ಡೈರಿಯಲ್ಲಿ ನಿಮ್ಮವರ ಹೆಸರು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬಿಳಿ ಅಧಿಕಾರಿಗೆ ಗಾಯವಾದರೆ ಹೆಸರು ಬರೆಯುತ್ತಾರೆ. ನಮ್ಮವರು ಸತ್ತರೆ ಸಾಮಾನ್ಯವಾಗಿ ಬರೀ ಲೆಕ್ಕ, ಇಷ್ಟು ಜನ ಅಂತ. ಆಫ್ರಿಕಾದಲ್ಲೂ ಪಶ್ಚಿಮ ಏಷ್ಯಾದಲ್ಲೂ ಎಷ್ಟೋ ಸಾವಿರ ಜನರ ಹೆಸರನ್ನು ಕಲ್ಲಿನ ಮೇಲೆ ಹಾಕಲೇ ಇಲ್ಲ ಅಂತ ಆ ವಾರ್ ಗ್ರೇವ್ಸ್ ಸಂಸ್ಥೆಯೇ 2021ರಲ್ಲಿ ಒಪ್ಪಿಕೊಂಡಿತು. ಇದನ್ನು ಓದಿದ ವಾರವೇ ನಾನು ಬೇಗೂರಿಗೆ ಹೋಗಿದ್ದೆ. ಅಲ್ಲಿನ ದೇವಸ್ಥಾನದ ಕಲ್ಲು ಸುಮಾರು 890ನೇ ಇಸವಿಯದು. ಬೆಂಗಳೂರು ಅನ್ನುವ ಹೆಸರು ಸಿಗುವ ಹಳೇ ಬರಹ ಅದು. ಅದೂ ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲೇ. ಅವನ ಹೆಸರು ಬರೆದಿದ್ದಾರೆ.

1947ರ ಈಚೆಯವರದು ಸುಲಭ, ಬೇಗ ಹೇಳಿಬಿಡುತ್ತೇನೆ. ಪ್ರತಿ ಪಡೆಗೂ ಒಂದು ರೆಕಾರ್ಡ್ಸ್ ಆಫೀಸ್ ಇದೆ. ಎಂ.ಇ.ಜಿ., ಪಯನಿಯರ್ ಕೋರ್, ಪ್ಯಾರಾ ರೆಜಿಮೆಂಟ್, ಮಿಲಿಟರಿ ಪೊಲೀಸ್, ಇವರದ್ದೆಲ್ಲ ನಮ್ಮ ಬೆಂಗಳೂರಿನಲ್ಲೇ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ಏರ್‌ಫೋರ್ಸಿನದು ದೆಹಲಿಯ ಸುಬ್ರತೋ ಪಾರ್ಕ್. ಪತ್ರ ಬರೆಯುವಾಗ ನಂಬರು, ದರ್ಜೆ, ನಿಮಗೂ ಅವರಿಗೂ ಏನು ಸಂಬಂಧ ಅನ್ನುವುದಕ್ಕೆ ದಾಖಲೆ ಇರಲಿ. ನಂಬರು ಗೊತ್ತಿಲ್ಲವೇ? ಅಜ್ಜಿಯ ಫ್ಯಾಮಿಲಿ ಪೆನ್ಷನ್ ಕಾಗದ, ಪಿ.ಪಿ.ಓ. ಅನ್ನುತ್ತಾರಲ್ಲ, ಅದರಲ್ಲಿ ಇರುತ್ತದೆ. ನಾನು ಒಂದು ಕಚೇರಿಗೆ ನಂಬರಿಲ್ಲದೆ ಬರೆದು ಹನ್ನೊಂದು ತಿಂಗಳು ಕಾದೆ. ಉತ್ತರ ಒಂದೇ ಸಾಲು: ನಂಬರು ತಿಳಿಸಿ. ಯುದ್ಧದಲ್ಲಿ ಮಡಿದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತಾಣದಲ್ಲಿ ಹೆಸರು ಹುಡುಕಬಹುದು. 2019ರಲ್ಲಿ ತೆರೆದ ಆ ಸ್ಮಾರಕದ ಗೋಡೆಗಳ ಮೇಲೆ 25 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ.

ನನ್ನ ಮಾತು ಸಾಕು. ಡಬ್ಬ ತಂದವರು ಈ ಕಡೆ ಕಿಟಕಿ ಹತ್ತಿರ ಬನ್ನಿ, ಬೆಳಕು ಇಲ್ಲಿ ಚೆನ್ನಾಗಿದೆ. ಅಮ್ಮಾ, ಅದನ್ನು ಸೆರಗಿನಲ್ಲಿ ಒರೆಸಬೇಡಿ. ಹಾಗೇ ಕೊಡಿ.